ವಿಮಾನ ಹಾರಿಸುತ್ತಿದ್ದ ಕರಡಿ

‘ಟೇಲ್‌ಸ್ಪಿನ್’ ಎಂಬ ಕಾರ್ಟೂನ್ ಧಾರಾವಾಹಿಯ ಆಯುಷ್ಯ ಸರಿಯಾಗಿ ಒಂದು ವರ್ಷವೂ ಇರಲಿಲ್ಲ. ಅಮೆರಿಕದಲ್ಲಿ 1990ರ ಸೆಪ್ಟೆಂಬರಿನಲ್ಲಿ ಅದರ ದಿನನಿತ್ಯದ ಪ್ರಸಾರ ಶುರುವಾಯಿತು, 1991ರ ಆಗಸ್ಟಿನಲ್ಲಿ ಕೊನೆಯ ಹೊಸ ಕಂತು ಬಂತು. ಒಟ್ಟು 65 ಕಂತು. ಹಾಗಿದ್ದರೂ ಇವತ್ತು 40ರ ಆಸುಪಾಸಿನಲ್ಲಿರುವ ಯಾವ ಭಾರತೀಯರ ಮುಂದೆಯಾದರೂ ಅದರ ಶೀರ್ಷಿಕೆ ಗೀತೆಯ ರಾಗವನ್ನು ಮೆಲ್ಲಗೆ ಗುನುಗಿ ನೋಡಿ. ಎದುರಿನವರ ಮುಖ ಬದಲಾಗುತ್ತದೆ. ಸಾಲಮರುಪಾವತಿ, ಶಾಲಾ ಫೀಸು, ಅಪ್ರೈಸಲ್ಲು ಎಲ್ಲ ಒಂದು ಗಳಿಗೆ ಮರೆತು ಭಾನುವಾರದ ಮುಖವೊಂದು ಹೊರಗೆ ಬರುತ್ತದೆ.

ಮರೆತವರಿಗಾಗಿ, ಮತ್ತು ಆಗ ಇನ್ನೂ ಹುಟ್ಟದವರಿಗಾಗಿ, ಕತೆ ಹೇಳಿಬಿಡುತ್ತೇನೆ. ಕೇಪ್ ಸುಝೆಟ್ ಅಂತ ಒಂದು ಬಂದರು ಪಟ್ಟಣ. ಸುತ್ತ ಗೋಡೆಯ ಹಾಗೆ ಎದ್ದ ಬಂಡೆಬೆಟ್ಟ, ನಡುವೆ ಒಂದು ಕಿರಿದಾದ ಸೀಳು, ಆ ಸೀಳಿನಲ್ಲಿ ವಿಮಾನ ಹೊಡೆದುರುಳಿಸುವ ಫಿರಂಗಿಗಳ ಕಾವಲು. ಕಾಲ ಸುಮಾರು 1930ರ ದಶಕದ್ದು, ಜಗತ್ತು ಎಲ್ಲಿಯದೂ ಅಲ್ಲ. ಅಲ್ಲಿ ಬಲೂ ಎಂಬ ಕರಡಿ ಸರಕು ಸಾಗಿಸುವ ವಿಮಾನದ ಪೈಲಟ್. ನೀರಿನ ಮೇಲೂ ಇಳಿಯಬಲ್ಲ ಆ ಹಳದಿ ವಿಮಾನದ ಹೆಸರು ಸೀ ಡಕ್. ಬಲೂ ಮಹಾ ಸೋಮಾರಿ, ಬ್ಯಾಂಕಿನ ಸಾಲದ ಕಂತು ಕಟ್ಟಿಲ್ಲ. ಒಂದು ದಿನ ರೆಬೆಕಾ ಎಂಬ ಇನ್ನೊಂದು ಕರಡಿ, ಪುಟ್ಟ ಮಗಳ ತಾಯಿ, ಅವನ ವಿಮಾನವನ್ನೂ ವ್ಯಾಪಾರವನ್ನೂ ಕೊಂಡುಕೊಂಡು ಅವನಿಗೇ ಯಜಮಾನಿಯಾಗುತ್ತಾಳೆ. ಕಡಲ್ಗಳ್ಳರ ಬದಲು ಆಕಾಶಗಳ್ಳರಿದ್ದಾರೆ, ಅವರ ನಾಯಕ ಡಾನ್ ಕಾರ್ನೇಜ್. ಆ ಗುಂಪಿನಿಂದ ತಪ್ಪಿಸಿಕೊಂಡು ಬಂದ ಕಿಟ್ ಎಂಬ ಹುಡುಗ ವಿಮಾನದ ಹಿಂದೆ ಹಗ್ಗ ಕಟ್ಟಿಕೊಂಡು ಒಂದು ತಗಡಿನ ಮೇಲೆ ನಿಂತು ಮೋಡದಲ್ಲಿ ಜಾರುತ್ತಾನೆ. ಊರಿನ ಅತಿ ದೊಡ್ಡ ಕಂಪನಿಯ ಒಡೆಯ ಷೇರ್ ಖಾನ್ ಎಂಬ ಹುಲಿ. ಸೂಟು ಹಾಕಿಕೊಂಡು, ದನಿ ಏರಿಸದೆ, ಎದುರಿಗಿರುವವರ ಜೀವ ಹಿಂಡುತ್ತಾನೆ.

ಇಷ್ಟು ಓದಿದ ಮೇಲೆ ನಿಮಗೊಂದು ಪ್ರಶ್ನೆ ಏಳಬೇಕು. ಬಲೂ, ಷೇರ್ ಖಾನ್, ಲೂಯಿ ಎಲ್ಲ ‘ಜಂಗಲ್ ಬುಕ್’ನವರಲ್ಲವೇ? ಅವರಿಗೂ ವಿಮಾನಕ್ಕೂ ಏನು ಸಂಬಂಧ? ಯಾವ ಸಂಬಂಧವೂ ಇಲ್ಲ, ಈ ಧಾರಾವಾಹಿಯ ಹುಚ್ಚಾಟವೇ ಅದು. ಇದನ್ನು ಕಟ್ಟಿದ ಜಿಮ್ ಮೇಗನ್ ಮತ್ತು ಮಾರ್ಕ್ ಝಾಸ್ಲೋವ್ ಬಳಿ ವಿಮಾನ ಸೇವೆಯೊಂದರ ಕತೆಯ ಎಳೆ ಇತ್ತು, ನಾಯಕ ಇರಲಿಲ್ಲ. 1967ರ ‘ಜಂಗಲ್ ಬುಕ್’ ಚಿತ್ರ ಆಗ ಮತ್ತೆ ಥಿಯೇಟರಿಗೆ ಬರುವುದರಲ್ಲಿತ್ತು. ಮೇಗನ್ ಅದರ ಕರಡಿಯನ್ನೇ ಎತ್ತಿಕೊಂಡು ಬಂದು ಪೈಲಟ್ ಸೀಟಿನಲ್ಲಿ ಕೂರಿಸಿದ. ಬಲೂ ಮತ್ತು ರೆಬೆಕಾ ಜಗಳಕ್ಕೆ ಮಾದರಿ ‘ಚಿಯರ್ಸ್’ ಎಂಬ, ಒಂದು ಬಾರಿನಲ್ಲಿ ನಡೆಯುವ, ದೊಡ್ಡವರ ಹಾಸ್ಯ ಧಾರಾವಾಹಿ. ಸಮುದ್ರ ವಿಮಾನ, ದ್ವೀಪ, ಬಾರು ಇವುಗಳ ಹಿಂದೆ 1982ರ ‘ಟೇಲ್ಸ್ ಆಫ್ ದ ಗೋಲ್ಡ್ ಮಂಕಿ’ ಎಂಬ ಇನ್ನೊಂದು ಧಾರಾವಾಹಿಯ ನೆರಳಿದೆ. ಕಲಸುಮೇಲೋಗರ ಎಂದರೆ ಇದೇ. ಆದರೆ ಹುಳಿಯೂ ಖಾರವೂ ಸರಿಯಾಗಿ ಬಿದ್ದ ಮೇಲೋಗರ.

ನನಗೆ ಇದರಲ್ಲಿ ಹೆಚ್ಚು ಕುತೂಹಲ ಈ ಕರಡಿಯ ಪ್ರಯಾಣದ ಬಗ್ಗೆ. ಭಾಲೂ ಎಂದರೆ ಹಿಂದಿಯಲ್ಲಿ ಕರಡಿ, ಅದು ಹೆಸರೂ ಅಲ್ಲ. ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್ ಆ ಮಾತನ್ನು ಹೊತ್ತುಕೊಂಡು ಹೋಗಿ, ಅಮೆರಿಕದ ವರ್ಮಾಂಟಿನ ಹಿಮದಲ್ಲಿ ಕೂತು, ಮಧ್ಯಪ್ರದೇಶದ ಸಿವನಿ ಕಾಡಿನ ಕತೆ ಬರೆದ. ಪುಸ್ತಕ ಬಂದದ್ದು 1894ರಲ್ಲಿ. ಅವನ ಬಲೂ ಕಾಡಿನ ಕಾನೂನು ಕಲಿಸುವ ಮೇಷ್ಟರು, ತಪ್ಪು ಮಾಡಿದರೆ ಬಾರಿಸುವವರು. ಡಿಸ್ನಿ 1967ರಲ್ಲಿ ಆ ಮೇಷ್ಟರನ್ನು ಮೈಗಳ್ಳನನ್ನಾಗಿ ಮಾಡಿತು, ಪುಸ್ತಕದಲ್ಲೇ ಇಲ್ಲದ ಒರಾಂಗುಟಾನ್ ಒಂದನ್ನು ಲೂಯಿ ಅಂತ ಸೇರಿಸಿತು. ಒರಾಂಗುಟಾನ್ ಭಾರತದ ಕಾಡಿನಲ್ಲಿ ಇಲ್ಲವೇ ಇಲ್ಲ ಎನ್ನುವುದು ಬೇರೆ ಮಾತು. 1990ರಲ್ಲಿ ಮೈಗಳ್ಳನಿಗೆ ಟೋಪಿ ತೊಡಿಸಿ ವಿಮಾನ ಕೊಟ್ಟರು. ಕೆಲವೇ ವರ್ಷಗಳಲ್ಲಿ ಈ ಬಲೂ ದೂರದರ್ಶನದಲ್ಲಿ ಇಳಿದ, ಮತ್ತೆ ಹಿಂದಿ ಮಾತಾಡುತ್ತ. ನೂರು ವರ್ಷ ಊರೂರು ಸುತ್ತಿ ಹೆಸರು ಮನೆಗೆ ಬಂದಿತ್ತು.

ಆದರೆ ಅದು ನನ್ನ ಮನೆಯಲ್ಲ. ಈ ಬರಹಕ್ಕೆ ಕಾರಣ ಆ ಸಣ್ಣ ವ್ಯತ್ಯಾಸ.

ಅದಕ್ಕೆ ಬರುವ ಮುಂಚೆ 65ರ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಜನ ಇದನ್ನು ಸೋಲು ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇಂಥ ಕಾರ್ಟೂನುಗಳನ್ನು ಊರೂರಿನ ಸ್ಟೇಶನ್ನುಗಳಿಗೆ ಮಾರುತ್ತಿದ್ದರು, ಅವು ಸೋಮವಾರದಿಂದ ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಪ್ರಸಾರವಾಗುತ್ತಿದ್ದವು. ವಾರಕ್ಕೆ ಐದು, ಹದಿಮೂರು ವಾರ, ಅಲ್ಲಿಗೆ 65. ಅಷ್ಟಿದ್ದರೆ ತಿರುಗಿಸಿ ತಿರುಗಿಸಿ ಹಾಕಬಹುದು, ಅಷ್ಟು ಹೊತ್ತಿಗೆ ಮಕ್ಕಳು ಮೊದಲನೆಯದನ್ನು ಮರೆತಿರುತ್ತಾರೆ. ಹಾಗಾಗಿ ಡಿಸ್ನಿಯ ಪಾಲಿಗೆ ಟೇಲ್‌ಸ್ಪಿನ್ ಸತ್ತದ್ದಲ್ಲ, ಭರ್ತಿಯಾದದ್ದು. ಮರುವರ್ಷ ಅವರು ‘ಡಾರ್ಕ್‌ವಿಂಗ್ ಡಕ್’ಗೆ ಹೋದರು. ಒಂದೆರಡು ಕಂತುಗಳಿಗೆ ಮಾತ್ರ ನಿಜವಾಗಿ ಅಲ್ಪಾಯುಷ್ಯ. ಕೊನೆಯದಾಗಿ ಬಂದ ‘ಫ್ಲೈಯಿಂಗ್ ಡ್ಯೂಪ್ಸ್’ನಲ್ಲಿ ಬಲೂ ಕೈಯಲ್ಲಿ ಅವನಿಗೇ ಗೊತ್ತಿಲ್ಲದಂತೆ ಬಾಂಬ್ ಸಾಗಿಸುವ ಕತೆಯಿತ್ತು, ಅದು ಆಮೇಲೆ ಪ್ರಸಾರದಿಂದ ಮಾಯವಾಯಿತು. ಪಾಂಡಾಗಳ ನಾಡೊಂದನ್ನು ಗೇಲಿ ಮಾಡಿದ ‘ಲಾಸ್ಟ್ ಹೊರೈಜನ್ಸ್’ ಏಷ್ಯಾದವರನ್ನು ಕೀಳಾಗಿ ತೋರಿಸುತ್ತದೆ ಎಂಬ ಕಾರಣಕ್ಕೆ ಬದಿಗೆ ಸರಿಯಿತು. ಎರಡನ್ನೂ ಈಗ ನೋಡಿದರೆ ಎರಡನೆಯದರ ಬಗ್ಗೆ ಆದ ತೀರ್ಮಾನವನ್ನು ಒಪ್ಪಬೇಕೆನಿಸುತ್ತದೆ.

ದೂರದರ್ಶನದಲ್ಲಿ ಅದು ಬಂದದ್ದು ವಾರಕ್ಕೊಮ್ಮೆ, ಭಾನುವಾರ, ‘ಡಕ್ ಟೇಲ್ಸ್’ ಜೊತೆ ಜೋಡಿಯಾಗಿ, 90ರ ದಶಕದ ಮಧ್ಯಭಾಗದಲ್ಲಿ. ಅಮೆರಿಕದ ಮಗು ಮೂರು ತಿಂಗಳಲ್ಲಿ ನೋಡಿ ಮುಗಿಸಬಹುದಾದದ್ದನ್ನು ನಾವು ಒಂದೊಂದಾಗಿ, ಪಡಿತರದ ಸಕ್ಕರೆಯ ಹಾಗೆ ತಿಂದೆವು. ನಮಗದು ದೀರ್ಘಾಯುಷಿಯಾಗಿ ಕಂಡದ್ದು ಅದಕ್ಕೇ.

ನಮ್ಮದೇ ಕಾರ್ಟೂನುಗಳು ಇರಲಿಲ್ಲವೆಂದಲ್ಲ. ಡಿಸ್ನಿಯ ಕ್ಲೇರ್ ವೀಕ್ಸ್ ಎಂಬ ಕಲಾವಿದ 1956ರಲ್ಲೇ ಮುಂಬೈಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮವರಿಗೆ ಅನಿಮೇಶನ್ ಕಲಿಸಿದ. 1974ರಲ್ಲಿ ವಿಜಯಾ ಮುಳೆ ಅವರು ಭೀಮಸೈನ್ ಮುಂತಾದವರ ಜೊತೆ ‘ಏಕ್ ಅನೇಕ್ ಔರ್ ಏಕತಾ’ ಮಾಡಿದರು. ಹಕ್ಕಿಗಳೆಲ್ಲ ಸೇರಿ ಬಲೆಯನ್ನೇ ಹೊತ್ತು ಹಾರುವ ಏಳು ನಿಮಿಷದ ಆ ಚಿತ್ರ ದೂರದರ್ಶನ ಇದ್ದ ಮನೆಯ ಎಲ್ಲ ಮಕ್ಕಳಿಗೂ ಬಾಯಿಪಾಠ. 1986ರಲ್ಲಿ ಶುದ್ಧಸತ್ವ ಬಸು ‘ಗಾಯಬ್ ಆಯಾ’ ಮಾಡಿದರು. ಒಂದು ತುಂಟ ದೆವ್ವದ ಕತೆ, ಭಾರತದ ಮೊದಲ ಅನಿಮೇಶನ್ ಧಾರಾವಾಹಿ ಎಂದು ಅದನ್ನು ಗುರುತಿಸುತ್ತಾರೆ. ಒಂದು, ಅನೇಕ, ಏಕತೆ ಎಲ್ಲವನ್ನೂ ಹಿಂದಿಯಲ್ಲೇ ಕಲಿತೆವು ಎಂಬುದನ್ನು ಇಲ್ಲಿ ನಗುತ್ತಲೇ ಗಮನಿಸಬಹುದು. ಬೆಂಗಳೂರು ದೂರದರ್ಶನ 1981ರಲ್ಲೇ ಇತ್ತು. ಆದರೆ 1982ರಲ್ಲಿ ರಾಷ್ಟ್ರೀಯ ಜಾಲ ಬಂದ ಮೇಲೆ ದೊಡ್ಡ ಹೊತ್ತುಗಳು ದೆಹಲಿಯವು, ಭಾನುವಾರವಂತೂ ಪೂರ್ತಿ ದೆಹಲಿಯದು.

ನಾನು ನೋಡಿದ್ದು ತಿಪಟೂರಿನಲ್ಲಿ. ನಮ್ಮ ಮನೆಯಲ್ಲಿ ಹಿಂದಿ ಬರುವವರು ಯಾರೂ ಇರಲಿಲ್ಲ. ಶಾಲೆಯ ಹಿಂದಿ ಎಂದರೆ ಲಿಂಗ ಬದಲಿಸಿ, ವಚನ ಬದಲಿಸಿ. ಅದರಿಂದ ಬಲೂ ಏನು ಹೇಳುತ್ತಿದ್ದಾನೆಂದು ತಿಳಿಯುತ್ತಿರಲಿಲ್ಲ. ಕತೆಯನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. ನಾನು, ನನ್ನ ಅಣ್ಣ, ಪಕ್ಕದ ಮನೆಯ ಇಬ್ಬರು. ರೆಬೆಕಾ ಬಲೂವಿನ ಅಕ್ಕ ಎಂದು ಒಂದು ವರ್ಷ, ಹೆಂಡತಿ ಎಂದು ಇನ್ನೊಂದು ವರ್ಷ ತೀರ್ಮಾನವಾಗಿತ್ತು. ಒಡತಿ, ನೌಕರ ಎಂಬ ಸಂಬಂಧ ನಮ್ಮ ಊಹೆಗೇ ಬರಲಿಲ್ಲ, ಅಷ್ಟು ಜೋರಾಗಿ ಬೈಯುವವರು ಮನೆಯವರೇ ಇರಬೇಕಲ್ಲ. ಅದೇ ವರ್ಷಗಳಲ್ಲಿ ಜಪಾನಿನ ನಿಪ್ಪಾನ್ ಅನಿಮೇಶನ್ ಮಾಡಿದ 52 ಕಂತುಗಳ ‘ಜಂಗಲ್ ಬುಕ್’ ಕೂಡ ಹಿಂದಿಯಲ್ಲಿ ಬಂತು, ಗುಲ್ಜಾರ್ ಹಾಡು, ವಿಶಾಲ್ ಭಾರದ್ವಾಜ್ ಸಂಗೀತ, ಷೇರ್ ಖಾನನಿಗೆ ನಾನಾ ಪಾಟೇಕರ್ ದನಿ. ಹೀಗೆ ನಮ್ಮ ತಲೆಯಲ್ಲಿ ಎರಡು ಬಲೂ, ಎರಡು ಷೇರ್ ಖಾನ್. ಕಾಡಿನ ಕರಡಿ ದೊಡ್ಡವನಾದ ಮೇಲೆ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋಗಿ ಪೈಲಟ್ ಆದ ಎಂದು ಅಣ್ಣ ಅದನ್ನು ಬಗೆಹರಿಸಿದ. ಈಗ ಯೋಚಿಸಿದರೆ ಅಷ್ಟು ಕೆಟ್ಟ ವ್ಯಾಖ್ಯಾನವೇನಲ್ಲ.

ಟಿವಿ ಇಟ್ಟಿದ್ದ ಕೋಣೆಯಲ್ಲೇ ದೇವರ ಗೂಡೂ ಇತ್ತು. ಅಮ್ಮ ಪೂಜೆಗೆ ಕೂತಾಗಲೆಲ್ಲ ಈ ವಿಮಾನದ ಸದ್ದು. ‘ಶಿವಪೂಜೇಲಿ ಕರಡಿ ಬಿಟ್ಟಂಗೆ ಅಂದ್ರೆ ಇದೇ ಕಣ್ರೋ’ ಎಂದು ಬೈಯುತ್ತಿದ್ದಳು. ಆ ಗಾದೆಯ ಕರಡಿ ಪ್ರಾಣಿಯಲ್ಲ, ಕರಡೆ ಎಂಬ ವಾದ್ಯ ಎನ್ನುವವರಿದ್ದಾರೆ. ನಮ್ಮ ಮಟ್ಟಿಗೆ ಅದು ಟೋಪಿ ಹಾಕಿದ ಪ್ರಾಣಿಯೇ. ಟೇಲ್‌ಸ್ಪಿನ್ ಬಗ್ಗೆ ನನಗೆ ಕನ್ನಡದಲ್ಲಿ ಇರುವ ಒಂದೇ ಒಂದು ವಾಕ್ಯ ಅಮ್ಮನದು.

ಇದರ ಬೆಲೆ ತಿಳಿದದ್ದು ರೋಹಿಣಿಗೆ ಬಂದ ಮೇಲೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 80ರ ದಶಕದಲ್ಲಿ ಕಟ್ಟಲು ತೊಡಗಿದ ಉಪನಗರ ಇದು. ಸೆಕ್ಟರು, ಪಾಕೆಟ್ಟು, ಬ್ಲಾಕು, ನಂಬರು. 1981ರ ಯೋಜನೆಯಲ್ಲಿ ಹೆಸರು ಬರೆಸಿದವರು ನಿವೇಶನಕ್ಕಾಗಿ ದಶಕಗಟ್ಟಲೆ ಕಾದ ಕತೆಗಳು ಇಲ್ಲಿ ಯಾವ ಪಾರ್ಕಿನ ಬೆಂಚಿನಲ್ಲಿ ಕೂತರೂ ಸಿಗುತ್ತವೆ. ಬಲೂ ತನ್ನ ವಿಮಾನವನ್ನು ಮತ್ತೆ ಕೊಳ್ಳಲು ದುಡ್ಡು ಕೂಡಿಡುವ ಕತೆ ಈ ಊರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಕಟ್ಟಡದಲ್ಲಿ ನನ್ನದೇ ವಯಸ್ಸಿನ ಗೆಳೆಯನೊಬ್ಬನಿದ್ದಾನೆ, ಇಲ್ಲೇ ಬೆಳೆದವನು. ಒಂದು ಸಂಜೆ ಹಳೆಯ ದೂರದರ್ಶನದ ಮಾತು ಬಂತು. ಅವನು ಡಾನ್ ಕಾರ್ನೇಜನ ಸಂಭಾಷಣೆಗಳನ್ನು ಅದೇ ದನಿಯಲ್ಲಿ ಒಂದರ ಹಿಂದೊಂದು ಹೇಳತೊಡಗಿದ. ಅವನ ಹೆಂಡತಿ ನಗುತ್ತ ಮುಂದಿನ ಸಾಲು ಹೇಳಿದಳು. ನಾನೂ ನಕ್ಕೆ. ಆ ಜೋಕುಗಳನ್ನು ಮೊದಲ ಸಲ ಕೇಳುತ್ತಿದ್ದೆ, 20 ವರ್ಷ ತಡವಾಗಿ. ನನ್ನಲ್ಲಿದ್ದದ್ದು ಚಿತ್ರ ಮಾತ್ರ: ಬಂಡೆಯ ಸೀಳು, ಹಳದಿ ರೆಕ್ಕೆ, ಮೋಡದ ಮೇಲೆ ಹುಡುಗ. ಒಂದೇ ಭಾನುವಾರ, ಒಂದೇ ಕಾರ್ಟೂನು. ಅವರು ಅದನ್ನು ಕೇಳಿದ್ದರು, ನಾವು ಬರೀ ನೋಡಿದ್ದೆವು.

ಇದನ್ನು ಹೇಳಿದರೆ ಕೆಲವು ಕನ್ನಡಿಗ ಗೆಳೆಯರು ಒಪ್ಪುವುದಿಲ್ಲ. ‘ಅದರಿಂದಲೇ ತಾನೆ ಹಿಂದಿ ಬಂದದ್ದು, ಅದರಿಂದಲೇ ತಾನೆ ದಿಲ್ಲೀಲಿ ಬದುಕೋಕ್ಕಾದದ್ದು’ ಅನ್ನುತ್ತಾರೆ. ನಿಜ. ಆಟೋದವನ ಜೊತೆ ಚೌಕಾಸಿ ಮಾಡುವ ನನ್ನ ಹಿಂದಿಗೆ ಶಾಲೆಯ ವ್ಯಾಕರಣಕ್ಕಿಂತ ಆ ಭಾನುವಾರಗಳ ಋಣ ಹೆಚ್ಚು. ಆದರೆ ಬಾಲ್ಯದ ನಗುವನ್ನು ಭಾಷಾ ತರಬೇತಿಯ ಲೆಕ್ಕದಲ್ಲಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಬೇರೆ ದೇಶಗಳಲ್ಲಿ ಏನಾಯಿತೆಂದು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಕನ್ನಡಕ್ಕಿಂತ ಎಷ್ಟೋ ಕಡಿಮೆ ಜನ ಮಾತಾಡುವ ಭಾಷೆ ಹಂಗೇರಿಯನ್. ಅಲ್ಲಿ ಡಕ್ ಟೇಲ್ಸ್ ಕೂಡ ಟೇಲ್‌ಸ್ಪಿನ್ ಕೂಡ ಅವರದೇ ಭಾಷೆಯಲ್ಲಿ ಬಂದವು. 1993ರ ಡಿಸೆಂಬರ್ 12, ಭಾನುವಾರ, ಡಕ್ ಟೇಲ್ಸ್ ನಡುವೆ ಪ್ರಸಾರ ಫಕ್ಕನೆ ನಿಂತಿತು. ಪ್ರಧಾನಿ ಯೋಝೆಫ್ ಅಂತಾಲ್ ತೀರಿಕೊಂಡಿದ್ದರು. ಟಿವಿ ಮುಂದಿದ್ದ ಮಕ್ಕಳಿಗೆ ರಾಜಕೀಯ ಎಂಬುದು ಹೀಗೆ ಮೊದಲ ಸಲ ಎದುರಾಯಿತು. ಆ ಮಕ್ಕಳ ಪೀಳಿಗೆಯನ್ನು ಅಲ್ಲಿ ಇಂದಿಗೂ ‘ಬಾತುಕತೆಗಳ ಪೀಳಿಗೆ’ ಎಂದೇ ಕರೆಯುತ್ತಾರೆ. ರಷ್ಯಾದಲ್ಲಿ ಇನ್ನೂ ತಮಾಷೆ. ಟೇಲ್‌ಸ್ಪಿನ್‌ನಲ್ಲಿ ಥೆಂಬ್ರಿಯಾ ಎಂಬ ಹಿಮದ ದೇಶವಿದೆ, ಎಲ್ಲದಕ್ಕೂ ಪರವಾನಗಿ, ಎಲ್ಲದಕ್ಕೂ ಶಿಕ್ಷೆ, ಕಾಡುಹಂದಿಗಳ ಸೈನ್ಯ, ಕರ್ನಲ್ ಸ್ಪಿಗಟ್ ಎಂಬ ಕುಳ್ಳ ಅಧಿಕಾರಿ. ಸೋವಿಯತ್ ಒಕ್ಕೂಟದ ಗೇಲಿ ಅದು, ಮುಚ್ಚುಮರೆಯಿಲ್ಲ. ಒಕ್ಕೂಟ ಒಡೆದ ಬೆನ್ನಲ್ಲೇ ಅದು ರಷ್ಯನ್ ಭಾಷೆಯಲ್ಲಿ ಅಲ್ಲಿನ ಟಿವಿಗೆ ಬಂತು, ಮಕ್ಕಳು ಮುಗಿಬಿದ್ದು ನೋಡಿದರು. ತಮ್ಮನ್ನು ಅಣಕಿಸಿದ ಕತೆಯನ್ನೂ ತಮ್ಮ ಭಾಷೆಯಲ್ಲೇ ಕೇಳಿದರು.

ನಮಗೆ ಎರಡು ಬಾಗಿಲು ಮುಚ್ಚಿದ್ದವು. ಒಂದು ದೆಹಲಿಯದು, ರಾಷ್ಟ್ರೀಯ ಜಾಲಕ್ಕೆ ಹಿಂದಿಯೇ ಸಾಕು ಎಂದದ್ದು. ಇನ್ನೊಂದು ನಾವೇ ಹಾಕಿಕೊಂಡ ಅಗುಳಿ, ಡಬ್ಬಿಂಗ್ ವಿರೋಧ. 60ರ ದಶಕದಲ್ಲಿ ಅದು ಹುಟ್ಟಿದ್ದಕ್ಕೆ ಗಟ್ಟಿ ಕಾರಣವಿತ್ತು. ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು, ಅವೂ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ. ಅದರ ಮೇಲೆ ತೆಲುಗು ತಮಿಳು ಚಿತ್ರಗಳಿಗೆ ಕನ್ನಡದ ದನಿ ಅಂಟಿಸಿ ಬಿಟ್ಟರೆ ಇಲ್ಲಿಯ ನಟರು, ತಂತ್ರಜ್ಞರು ಎಲ್ಲಿಗೆ ಹೋಗಬೇಕು? ಅನಕೃ, ಮ. ರಾಮಮೂರ್ತಿ, ರಾಜ್‌ಕುಮಾರ್ ಮುಂತಾದವರು ನಿಂತ ಆ ಚಳವಳಿ ಇಲ್ಲದಿದ್ದರೆ 70ರ ದಶಕದ ಕನ್ನಡ ಸಿನಿಮಾ ಹಾಗಿರುತ್ತಿತ್ತೇ ಎಂಬ ಅನುಮಾನ ನನಗೂ ಇದೆ. ಕಾನೂನೇನೂ ಆಗಲಿಲ್ಲ, ಉದ್ಯಮದ ಒಳಗಿನ ಕಟ್ಟುಪಾಡಾಗಿ ಉಳಿಯಿತು. ಆದರೆ ಕಟ್ಟುಪಾಡು ಟಿವಿಗೂ ಹಬ್ಬಿತು. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಾಗಲಿಲ್ಲ.

ಕಾರ್ಟೂನಿನ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ ಎಂಬುದು ನನ್ನ ಅನಿಸಿಕೆ. ಡಬ್ಬಿಂಗ್‌ನಿಂದ ಕೆಲಸ ಕಳೆದುಕೊಳ್ಳಲು ಆಗ ಕನ್ನಡದಲ್ಲಿ ಕಾರ್ಟೂನ್ ಧಾರಾವಾಹಿ ಮಾಡುವವರು ಇದ್ದರೆ ತಾನೆ? ಕಳೆದುಕೊಂಡವರು ಇದ್ದರೆ ಮಕ್ಕಳೇ. ಅವರಿಗೆ ಸಂಘವಿರಲಿಲ್ಲ, ಮಂಡಳಿಯಿರಲಿಲ್ಲ. ಕನ್ನಡದ ಹಾಸ್ಯಕ್ಕೆ, ಸಾಹಸಕ್ಕೆ ಅವರು ಚಂದಮಾಮಕ್ಕೆ, ಬಾಲಮಂಗಳದ ಡಿಂಗನಿಗೆ ಹೋಗುತ್ತಿದ್ದರು, ಓದಲು ಬರುವಷ್ಟು ದೊಡ್ಡವರಾದ ಮೇಲೆ. ಓದು ಬಾರದ ನಾಲ್ಕು ವರ್ಷದ ಮಗುವಿಗೆ ಟಿವಿಯಲ್ಲಿ ಕನ್ನಡದ ಕರಡಿ ಇರಲಿಲ್ಲ.

ಅಗುಳಿ ಸಡಿಲವಾದದ್ದೂ ಮಕ್ಕಳ ಕಡೆಯಿಂದಲೇ ಎನ್ನುವುದು ಸ್ವಾರಸ್ಯ. 2009ರಲ್ಲಿ ಸನ್ ಬಳಗದವರು ಚಿಂಟು ಟಿವಿ ತಂದರು, ಹೊರಗಿನ ಕಾರ್ಟೂನುಗಳು ಕನ್ನಡ ಮಾತಾಡತೊಡಗಿದವು. ಆಕಾಶವೇನೂ ಕಳಚಿ ಬೀಳಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ದೆಹಲಿಯ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈಯಲ್ಲಿ ಚಲನಚಿತ್ರ ವಾಣಿಜ್ಯ ಮಂಡಳಿ ಮುಂತಾದವುಗಳಿಗೆ ದಂಡ ಹಾಕಿತು. 2017ರಲ್ಲಿ ಡಬ್ ಆದ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಲ್ಲಿ ತೆರೆಗೆ ಬಂತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಕನ್ನಡ ಮಾತಾಡಿದಾಗ ಊರಿನ ಅಮ್ಮ ಒಂದು ಕಂತನ್ನೂ ಬಿಡಲಿಲ್ಲ. ಈ ನಡುವೆ ತಿರುಗುಬಾಣದ ಹಾಗೆ 2018ರಲ್ಲಿ ‘ಕೆಜಿಎಫ್’ ಹಿಂದಿಗೆ ಡಬ್ ಆಗಿ ಬಂತು. ರೋಹಿಣಿಯ ಹುಡುಗರು ನನಗೆ ರಾಕಿಭಾಯ್ ಸಂಭಾಷಣೆ ಹೇಳಿ ತೋರಿಸುತ್ತಾರೆ, ಹಿಂದಿಯಲ್ಲಿ.

ಟೇಲ್‌ಸ್ಪಿನ್ ಮಾತ್ರ ಕನ್ನಡಕ್ಕೆ ಬರುವ ಹೊತ್ತು ಮೀರಿದೆ. ನನ್ನ ಏಳು ವರ್ಷದ ಮಗಳು ಹುಟ್ಟಿದ್ದು ಇಲ್ಲೇ. ಅವಳ ಗೆಳತಿಯರು, ಜಗಳ, ಕನಸು ಎಲ್ಲ ಹಿಂದಿಯಲ್ಲಿ. ಕರ್ನಾಟಕ ಸಂಘ ಇರುವ ಆರ್.ಕೆ. ಪುರಂ, ಕನ್ನಡ ಶಾಲೆ ಇರುವ ಲೋಧಿ ಎಸ್ಟೇಟ್ ಎರಡೂ ಊರಿನ ಆ ಬದಿಗೆ. ಕಳೆದ ಚಳಿಗಾಲದಲ್ಲಿ ಮಂಜಿಗೆ ಶಾಲೆ ಮುಚ್ಚಿದ್ದಾಗ ಒಂದು ಕಂತನ್ನು ದನಿ ಆರಿಸಿ ಹಾಕಿ, ನಾನೇ ಕನ್ನಡ ಮಾತಾಡತೊಡಗಿದೆ. ಆಗ ತಿಳಿಯಿತು ಡಬ್ಬಿಂಗ್ ಎಂಥ ಕಷ್ಟದ ಕಸುಬು ಎಂದು. ಮೊದಲ ಪ್ರಶ್ನೆ, ಯಾವ ಕನ್ನಡ? ಬಲೂಗೆ ತಿಪಟೂರಿನದು ಕೊಟ್ಟೆ, ‘ಬುಡಮ್ಮ ಅತ್ಲಾಗೆ, ನಾಳೆ ನೋಡ್ಕಳಾನ’. ಅವನ ಮೈಗೆ ಅದು ಹೊಲಿಸಿದ ಹಾಗಿತ್ತು. ರೆಬೆಕಾಗೆ ಬೆಂಗಳೂರು ಆಫೀಸಿನದು. ಡಾನ್ ಕಾರ್ನೇಜನಿಗೆ ಕಂಪನಿ ನಾಟಕದ್ದು, ‘ಎಲೈ ಕರಡಿಯೇ’. ಷೇರ್ ಖಾನನಿಗೆ ಬ್ಯಾಂಕ್ ಮ್ಯಾನೇಜರನ ಮೆತ್ತನೆಯ ಕನ್ನಡ: ‘ತಾವು ಕೂತ್ಕೊಳ್ಳಿ, ಕಾಫಿ ತಗೋತೀರಾ?’ ಮಗಳು ಅದಕ್ಕೆ ನಿಜಕ್ಕೂ ಹೆದರಿದಳು. ಊರಿನ ಹೆಸರೊಂದು ತೊಡಕಾಯಿತು. ಕ್ರೇಪ್ ಸುಝೆಟ್ ಎಂಬ ಫ್ರೆಂಚ್ ತಿಂಡಿಯ ಮೇಲಿನ ಶ್ಲೇಷೆ ಅದು, ಕಿತ್ತಳೆ ರಸದಲ್ಲಿ ಅದ್ದಿದ ತೆಳು ದೋಸೆ ಅನ್ನಬಹುದು. ದೋಸೆಪಟ್ಣ ಎಂದೆ. ಅವಳು ಒಪ್ಪಿದಳು.

ಕಿಟ್ ಬಂದಾಗ ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ‘ಇವ್ನು ನಾನು ಮಾತಾಡ್ತೀನಿ’ ಅಂದಳು. ಮೂಲದಲ್ಲಿ ಕಿಟ್ ಬಲೂವನ್ನು ‘ಪಾಪಾ ಬೇರ್’ ಅಂತ ಕರೆಯುತ್ತಾನೆ. ಅದನ್ನು ಹೇಳಿ, ಕನ್ನಡದಲ್ಲಿ ಏನನ್ನೋಣ ಎಂದೆ. ತೆರೆಯ ಮೇಲೆ ಹುಡುಗ ಆಗಲೇ ಹಗ್ಗ ಹಿಡಿದು ಮೋಡಕ್ಕೆ ಹಾರಿದ್ದ, ಯೋಚಿಸಲು ಸಮಯವಿರಲಿಲ್ಲ.

‘ಕರಡಪ್ಪಾ, ಜಲ್ದಿ ತಿರುಗ್ಸು!’ ಎಂದು ಕೂಗಿದಳು.